ಮಂಗನ ಕೋಡು ಮತ್ತು ನಮ್ಮೂರ ಬಂಡೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀವು ಸಾಫ್ಟ್‌ವೇರ್‌ನಲ್ಲಿದ್ದೀರಿ, ಎಐ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಅಂದರು. ಆ ವಿಷಯ ಹೇಳೋಕೆ ಈಗ ಬೇಕಾದಷ್ಟು ಜನ ಇದ್ದಾರೆ, ಮಕ್ಕಳ ಕೈಯಲ್ಲಿರುವ ಮೊಬೈಲೇ ಹೇಳುತ್ತದೆ. ಅದಕ್ಕೆ ನಾನು ಒಂದು ಗಿಡದ ವಿಷಯ ಮಾತಾಡಲು ಅಪ್ಪಣೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಆದರೆ ಇಪ್ಪತ್ತು ನಿಮಿಷ ಮೀರಬೇಡಿ" ಅಂದರು. ಮೀರುವುದಿಲ್ಲ.

ಗಿಡದ ಹೆಸರು ಮಂಗನ ಕೋಡು. ಇಲ್ಲಿ ಅರವತ್ತು ದಾಟಿದವರಲ್ಲಿ ಕುರಿ, ಮೇಕೆ ಮೇಯಿಸಿದವರಿದ್ದರೆ ಅವರಿಗೆ ಗೊತ್ತಿರುತ್ತದೆ. ನನ್ನ ವಯಸ್ಸಿನವರಿಗೆ ಗೊತ್ತಿರುವುದು ಕಷ್ಟ. ಮಕ್ಕಳು ಹೆಸರು ಕೇಳಿಯೇ ನಗುತ್ತಿದ್ದಾರೆ. ನಗಲಿ, ಹಾಗಾದರೂ ಹೆಸರು ನೆನಪಿರುತ್ತದೆ. ಮರಾಠಿಯವರೂ ಇದಕ್ಕೆ ಮಾಕಡ ಶೆಂಗುಳಿ ಅನ್ನುತ್ತಾರೆ, ಅಲ್ಲಿಯೂ ಮಂಗವೇ. ತೆಲುಗಿನವರು ಕುಂದೇಟಿ ಕೊಮ್ಮು, ಅಂದರೆ ಮೊಲದ ಕೊಂಬು ಅನ್ನುತ್ತಾರೆ. ಮಂಗನಿಗೂ ಕೋಡಿಲ್ಲ, ಮೊಲಕ್ಕೂ ಕೊಂಬಿಲ್ಲ. ಎಲೆಯೇ ಇಲ್ಲದೆ ನೆಲದಿಂದ ನೆಟ್ಟಗೆ ಎದ್ದು ನಿಲ್ಲುವ ಈ ಗಿಡವನ್ನು ನೋಡಿದ ನಮ್ಮ ಹಿಂದಿನವರಿಗೆ ಹೀಗೆ ತಮಾಷೆ ಮಾಡಬೇಕು ಅನ್ನಿಸಿರಬೇಕು.

ಗಿಡ ಹೇಗಿದೆ ಅಂತ ಹೇಳುತ್ತೇನೆ. ಹಸಿರು ಬಣ್ಣದ, ನಾಲ್ಕು ಏಣುಗಳಿರುವ ರಸಭರಿತ ಕಾಂಡ. ದಪ್ಪ ಬೆರಳಿನಷ್ಟು. ಮೇಲೆ ಹೋಗುತ್ತಾ ತುದಿ ಸಣ್ಣದಾಗುತ್ತದೆ. ಆ ಸಣ್ಣ ತುದಿಯಲ್ಲೇ ಕಡು ನೇರಳೆ ಛಾಯೆಯ ಪುಟ್ಟ ಹೂಗಳು ಬಿಡುತ್ತವೆ. ಹೂವಿನ ಎಸಳಿನ ಅಂಚಿಗೆ ನವಿರಾದ ಕೂದಲಿನ ಕುಚ್ಚು. ಇದರ ಶಾಸ್ತ್ರೀಯ ಹೆಸರು ಕ್ಯಾರಲ್ಲುಮ ಫಿಂಬ್ರಿಯೇಟ. ಫಿಂಬ್ರಿಯೇಟ ಅಂದರೆ ಅಂಚಿಗೆ ಕುಚ್ಚಿರುವುದು. ಕ್ಯಾರಲ್ಲುಮ ಎಂಬ ಮೊದಲ ಹೆಸರು ಬಂದದ್ದು ಲ್ಯಾಟಿನ್ನಿನಿಂದಲ್ಲ, ನಮ್ಮ ಪಕ್ಕದ ತೆಲುಗು ನಾಡಿನಿಂದ. ವಿಲಿಯಂ ರಾಕ್ಸ್‌ಬರ್ಗ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಕೋರಮಂಡಲ ತೀರದ ಗಿಡಗಳ ಬಗ್ಗೆ ಪುಸ್ತಕ ಬರೆಯುವಾಗ ಜನ ಹೇಳಿದ 'ಕಾರ್-ಅಲ್ಲಂ' ಎಂಬ ಹೆಸರನ್ನು ಬರೆದುಕೊಂಡರು. 1810ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಅದನ್ನೇ ಇಡೀ ಕುಲದ ಹೆಸರನ್ನಾಗಿ ಮಾಡಿದರು. ಬಂಡೆಯ ಮೇಲೆ ಕುರಿ ಕಾಯುವವರು ಇಟ್ಟ ಹೆಸರು ಇವತ್ತು ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಓಡಾಡುತ್ತಿದೆ.

ಇದನ್ನು ನೋಡಿದವರು ಕಳ್ಳಿ ಅಂದುಕೊಳ್ಳುತ್ತಾರೆ. ಇದು ಕಳ್ಳಿಯಲ್ಲ. ನಮ್ಮ ಬೇಲಿಯ ಪಾಪಸುಕಳ್ಳಿ ಅಮೆರಿಕ ಖಂಡದಿಂದ ಬಂದದ್ದು. ಚದುರಕಳ್ಳಿ ಇಲ್ಲಿಯದೇ, ಆದರೆ ಅದನ್ನು ಮುರಿದರೆ ಬಿಳಿ ಹಾಲು ಬರುತ್ತದೆ. ಆ ಹಾಲು ವಿಷ, ಕಣ್ಣಿಗೆ ಬಿದ್ದರೆ ಅಪಾಯ. ಮಂಗನ ಕೋಡನ್ನು ಮುರಿದರೆ ಹಾಲು ಬರುವುದಿಲ್ಲ, ನೀರಿನಂಥ ರಸ ಬರುತ್ತದೆ. ಇನ್ನು ಚಟ್ನಿಗೆ ಹಾಕುವ ಮಂಗರವಳ್ಳಿಯೂ ನಾಲ್ಕು ಏಣಿನದೇ, ಹೆಸರೂ ಹತ್ತಿರದ್ದೇ. ಆದರೆ ಅದು ಬಳ್ಳಿ, ಗಂಟು ಗಂಟಾಗಿ ಬೆಳೆದು ಬೇಲಿ ಹತ್ತುತ್ತದೆ. ಮಂಗನ ಕೋಡು ಹತ್ತುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಮಕ್ಕಳೇ, ಗುರುತು ಸರಿಯಾಗಿ ಗೊತ್ತಿಲ್ಲದೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇದರ ನಿಜವಾದ ನೆಂಟ ಯಾರು ಗೊತ್ತೇ? ಎಕ್ಕದ ಗಿಡ. ಎರಡೂ ಒಂದೇ ಕುಟುಂಬ. ಎಕ್ಕದ ಕಾಯಿ ಒಡೆದಾಗ ರೇಷ್ಮೆ ಎಳೆಯ ಹಾಗೆ ಬೀಜ ಹಾರುತ್ತದಲ್ಲ, ಮಂಗನ ಕೋಡಿನ ಬೀಜವೂ ಹಾಗೆಯೇ ಕುಚ್ಚು ಕಟ್ಟಿಕೊಂಡು ಗಾಳಿಯಲ್ಲಿ ಹೋಗುತ್ತದೆ. ಎರಡರಲ್ಲೂ ಪರಾಗ ಪುಡಿಯಾಗಿರುವುದಿಲ್ಲ, ಪುಟ್ಟ ಗಂಟು ಕಟ್ಟಿದ ಪೊಟ್ಟಣವಾಗಿರುತ್ತದೆ. ಹೂವಿಗೆ ಬಂದ ಕೀಟದ ಮೈಗೆ ಆ ಪೊಟ್ಟಣ ಕ್ಲಿಪ್ಪಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಮಂಗನ ಕೋಡಿಗೆ ಬರುವ ಕೀಟ ನೊಣ. ನೊಣಕ್ಕೆ ಮಲ್ಲಿಗೆಯ ಪರಿಮಳ ಬೇಡ, ಅದಕ್ಕೆ ಈ ಹೂವಿನ ವಾಸನೆ ನಮ್ಮ ಮೂಗಿಗೆ ಹಿತವಲ್ಲ.

ಈಗ ಇದು ಎಲ್ಲಿ ಬೆಳೆಯುತ್ತದೆ ಅನ್ನುವುದಕ್ಕೆ ಬರುತ್ತೇನೆ. ನನ್ನ ಮಾತಿನ ಮುಖ್ಯ ಭಾಗ ಅದೇ.

ಬೆಂಗಳೂರು ಕಡೆ ವರ್ಷಕ್ಕೆ ಸುಮಾರು 900 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಇದು ಮರುಭೂಮಿಯಲ್ಲ. ಆದರೆ ಬಂಡೆಯ ಮೇಲೆ ಬಿದ್ದ ಮಳೆ ಅಲ್ಲಿ ನಿಲ್ಲುವುದಿಲ್ಲ, ಐದು ನಿಮಿಷದಲ್ಲಿ ಹರಿದುಹೋಗುತ್ತದೆ. ಆಮೇಲೆ ಬಿಸಿಲು. ಏಪ್ರಿಲ್ ತಿಂಗಳಲ್ಲಿ ಹಾಸುಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನೋಡಿದವರಿಗೆ ಗೊತ್ತು. ಅಲ್ಲಿ ಬದುಕುವ ಗಿಡದ ಪಾಲಿಗೆ ನಮ್ಮೂರೂ ಮರುಭೂಮಿಯೇ. ಬಂಡೆಯ ಬಿರುಕಿನಲ್ಲಿ ಎರಡು ಬೊಗಸೆ ಮಣ್ಣು, ಪಕ್ಕದಲ್ಲಿ ಒಂದು ಕಾರೆ ಗಿಡದ ನೆರಳು, ಅಷ್ಟೇ ಅದರ ಆಸ್ತಿ. ಶಿವಗಂಗೆ, ಸಾವನದುರ್ಗ, ರಾಮನಗರದ ಕಡೆಯಂಥ ಬಂಡೆಗುಡ್ಡಗಳ ನಾಡು, ಚಿತ್ರದುರ್ಗ, ಬಳ್ಳಾರಿಯ ಒಣ ಗುಡ್ಡಗಳು, ಅಲ್ಲಿಂದಾಚೆ ಅನಂತಪುರ, ಕಡಪ, ತಮಿಳುನಾಡಿನ ಒಣ ಸೀಮೆ, ಇವೆಲ್ಲ ಇಂಥ ಗಿಡಗಳ ಊರು.

ಇಂಥ ಕಡೆ ಗಿಡ ಹೇಗೆ ಬದುಕುತ್ತದೆ? ಹೆಚ್ಚಿನ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗ ನೀರು ಆವಿಯಾಗಿ ಹೋಗುತ್ತದೆ. ಇಂಥ ರಸಭರಿತ ಗಿಡಗಳಲ್ಲಿ ಬಹುಪಾಲು ಹಗಲು ಬಾಗಿಲು ಹಾಕಿಕೊಂಡು, ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿ ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲು ಬಿಸಿಲು ಬಂದಾಗ ಅದರಿಂದ ಆಹಾರ ಮಾಡಿಕೊಳ್ಳುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ನೈಟ್ ಶಿಫ್ಟ್ ಮಾಡಿದ ನಿಮಗೂ, ಅಮೆರಿಕದ ಹೊತ್ತಿಗೆ ಎದ್ದಿರುವ ನಮ್ಮಂಥವರಿಗೂ ಇದು ಬೇಗ ಅರ್ಥವಾಗುತ್ತದೆ. ಗಿಡದ ಈ ರಾತ್ರಿ ಪಾಳಿಯ ಸುಳಿವನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬರು ನಮ್ಮ ಬೆಂಗಳೂರಿಗೆ ಸಂಬಂಧಪಟ್ಟವರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಬೆಂಜಮಿನ್ ಹೈನ್. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಆ ಹುಳಿ ಇರುವುದಿಲ್ಲ ಅಂತ ಅವರು ರುಚಿ ನೋಡಿಯೇ ಬರೆದರು. ಅದು ಅಚ್ಚಾದದ್ದು 1815ರಲ್ಲಿ. ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ, ನಾಲಿಗೆಯೊಂದೇ. ನಮ್ಮ ಶಾಲೆಯ ಲ್ಯಾಬಿನಲ್ಲಿ ಸಾಮಾನು ಕಡಿಮೆ ಅಂತ ಬೇಸರಪಡುವ ಮಕ್ಕಳಿಗೆ ಇದನ್ನು ಹೇಳಬೇಕು ಅನ್ನಿಸಿತು.

ನನಗೆ ಈ ಗಿಡದ ಪರಿಚಯವಾದದ್ದು ಬಂಡೆಯ ಮೇಲಲ್ಲ, ಆಫೀಸಿನಲ್ಲಿ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ತೂಕ ಇಳಿಸಲು ಆನ್‌ಲೈನ್‌ನಲ್ಲಿ ಒಂದು ಡಬ್ಬಿ ಮಾತ್ರೆ ತರಿಸಿದ್ದರು. ಊಟದ ಹೊತ್ತಿನಲ್ಲಿ ಸುಮ್ಮನೆ ಡಬ್ಬಿ ತಿರುಗಿಸಿ ಓದಿದೆ. ಕ್ಯಾರಲ್ಲುಮ ಫಿಂಬ್ರಿಯೇಟ ಅಂತ ಇತ್ತು. 'ಭಾರತದ ಬೇಟೆಗಾರರು ಹಸಿವು ತಡೆಯಲು ಬಳಸುತ್ತಿದ್ದ ಪುರಾತನ ಗಿಡ' ಎಂಬ ಅರ್ಥದ ಮಾತೂ ಇತ್ತು. ಯಾವ ಊರಿನವರು, ಯಾವ ಜನ, ಏನೂ ಇಲ್ಲ. ಆ ಭಾನುವಾರ ಊರಿಗೆ ಬಂದಾಗ ಫೋನಿನಲ್ಲಿ ಗಿಡದ ಚಿತ್ರ ತೆಗೆದು ನಮ್ಮ ಬೀದಿಯ ಒಬ್ಬ ಅಜ್ಜಿಗೆ ತೋರಿಸಿದೆ. ಚಿಕ್ಕಂದಿನಲ್ಲಿ ಕುರಿ ಮೇಯಿಸಿದವರು. ಕಣ್ಣು ಕಿರಿದು ಮಾಡಿ ನೋಡಿ, "ಮಂಗನ ಕೋಡು ಕಣಪ್ಪ. ಏಣು ಸವರಿ, ಉಪ್ಪು ಹಚ್ಕೊಂಡು ತಿಂತಿದ್ವಿ. ಒಸಿ ಕಹಿ, ಒಸಿ ಹುಳಿ. ಮಧ್ಯಾನ್ನದ ಹಿಟ್ಟಿಲ್ದಿದ್ರೂ ಸಂಜೆಗಂಟ ಹೊಟ್ಟೆ ಸುಮ್ಕಿರೋದು" ಅಂದರು. ಡಬ್ಬಿಯ ಬೆಲೆ ಹೇಳಿದೆ. ಅಜ್ಜಿ ನಕ್ಕು, "ನಮಗೆ ಊಟ ಇಲ್ಲ ಅಂತ ತಿಂತಿದ್ವಿ, ಇವರು ಊಟ ಜಾಸ್ತಿ ಆಯ್ತು ಅಂತ ತಿಂತಾರಾ?" ಅಂದರು.

ಆ ಮಾತನ್ನು ನಾನು ಮರೆತಿಲ್ಲ. ನಮ್ಮ ಸೀಮೆಗೆ ಬರ ಹೊಸದಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲು ನಾಶವಾಯಿತು. ಬೆಳೆ ಹೋದಾಗ ಜನ ಬೇಲಿ, ಬಂಡೆ, ಕಾಡುಗಳ ಸೊಪ್ಪು, ಗೆಡ್ಡೆ, ಕಾಂಡಗಳನ್ನು ಹುಡುಕಿಕೊಂಡು ಹೋದರು. ಯಾವುದು ತಿನ್ನಬಹುದು, ಯಾವುದು ವಿಷ, ಯಾವುದು ಹಸಿವನ್ನು ಸ್ವಲ್ಪ ಹೊತ್ತು ಮರೆಸುತ್ತದೆ ಅನ್ನುವ ತಿಳಿವಳಿಕೆ ಪುಸ್ತಕದಿಂದ ಬಂದದ್ದಲ್ಲ. ಹಸಿದವರು ಪ್ರಾಣವನ್ನೇ ಪಣಕ್ಕಿಟ್ಟು ಕಲಿತದ್ದು.

ಈ ತಿಳಿವಳಿಕೆಗೆ ಬೆಲೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಆಫ್ರಿಕಾದ ಒಂದು ಕಥೆ ಇದೆ. ಕಲಹರಿ ಮರುಭೂಮಿಯಲ್ಲಿ ಹೂಡಿಯಾ ಎಂಬ ಗಿಡವಿದೆ. ವೈಟ್‌ಫೀಲ್ಡ್ ಪಕ್ಕದ ನಮ್ಮ ಹೂಡಿಗೂ ಅದಕ್ಕೂ ಸಂಬಂಧವಿಲ್ಲ. ಹೂಡಿಯಾ ನಮ್ಮ ಮಂಗನ ಕೋಡಿನ ಹತ್ತಿರದ ದಾಯಾದಿ, ಅದರ ಮೈತುಂಬ ಮುಳ್ಳು. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳಲ್ಲಿರುವ ಸಾನ್ ಎಂಬ ಮೂಲನಿವಾಸಿಗಳು ದಿನಗಟ್ಟಲೆ ಬೇಟೆಗೆ ಹೋದಾಗ ಇದರ ಕಾಂಡ ತಿಂದು ಹಸಿವು, ಬಾಯಾರಿಕೆ ತಡೆದುಕೊಳ್ಳುತ್ತಿದ್ದರು. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಇದನ್ನು ಪರೀಕ್ಷಿಸಿ, 1990ರ ದಶಕದಲ್ಲಿ ಹಸಿವು ತಗ್ಗಿಸುವ ಅಂಶಕ್ಕೆ ಪೇಟೆಂಟ್ ಮಾಡಿಸಿತು. 1997ರಲ್ಲಿ ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ ಪರವಾನಗಿ, 1998ರಲ್ಲಿ ಅಲ್ಲಿಂದ ಫೈಜರ್ ಕಂಪನಿಗೆ. ಇಷ್ಟೆಲ್ಲ ಆಗುವಾಗ ಸಾನ್ ಜನರನ್ನು ಯಾರೂ ಕೇಳಿರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಅವರ ಸಂಘಟನೆಯವರು ಹೋರಾಡಿದರು. 2003ರ ಮಾರ್ಚಿನಲ್ಲಿ ಒಪ್ಪಂದವಾಯಿತು: ಸಂಶೋಧನಾ ಸಂಸ್ಥೆಗೆ ಬರುವ ರಾಯಲ್ಟಿಯಲ್ಲಿ ನೂರಕ್ಕೆ 6, ಹಂತ ಹಂತವಾಗಿ ಬರುವ ಹಣದಲ್ಲಿ ನೂರಕ್ಕೆ 8 ಸಾನ್ ಜನರಿಗೆ.

ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಫೈಜರ್ ಕೈಬಿಟ್ಟಿತು. 2004ರಲ್ಲಿ ಯೂನಿಲಿವರ್ ಬಂತು, 2008ರಲ್ಲಿ ಅದೂ ಬಿಟ್ಟಿತು. ಅಧಿಕ ತೂಕದ ಹೆಣ್ಣುಮಕ್ಕಳಿಗೆ 15 ದಿನ ಹೂಡಿಯಾ ಸಾರ ಕೊಟ್ಟು ನೋಡಿದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಊಟವೂ ಕಡಿಮೆಯಾಗಲಿಲ್ಲ, ತೂಕವೂ ಇಳಿಯಲಿಲ್ಲ, ವಾಕರಿಕೆ, ರಕ್ತದೊತ್ತಡದ ಏರಿಕೆಯಂಥ ತೊಂದರೆ ಮಾತ್ರ ಕಂಡವು. ಆದರೆ ಅಷ್ಟು ಹೊತ್ತಿಗೆ ಹೂಡಿಯಾ ಮಾತ್ರೆಯ ಹುಚ್ಚು ಪ್ರಪಂಚ ಸುತ್ತಿ ಬಂದಿತ್ತು. ಕಾಡಿನ ಗಿಡವನ್ನು ಬೇಕಾಬಿಟ್ಟಿ ಕಿತ್ತರು. 2004ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಹೂಡಿಯಾವನ್ನು ಸೇರಿಸಿ, ಪರವಾನಗಿ ಇಲ್ಲದೆ ಸಾಗಿಸಬಾರದು ಅಂತ ಮಾಡಬೇಕಾಯಿತು. ಸಾನ್ ಜನರಿಗೆ ನಿರೀಕ್ಷಿಸಿದ ಹಣ ಬರಲಿಲ್ಲ, ಗಿಡವೂ ಬಡವಾಯಿತು. ಲಾಭವಾದದ್ದು ಮಧ್ಯದಲ್ಲಿ ಡಬ್ಬಿ ಮಾರಿದವರಿಗೆ.

ಈಗ ಮಂಗನ ಕೋಡಿಗೆ ಬರೋಣ. ಇದರ ಮೇಲೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಅಧ್ಯಯನ ನಡೆದಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ತಜ್ಞರು 25ರಿಂದ 60 ವರ್ಷದ, ತೂಕ ಹೆಚ್ಚಿದ್ದ 50 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1 ಗ್ರಾಂ ಈ ಗಿಡದ ಸಾರ, ಇನ್ನೊಂದು ಗುಂಪಿಗೆ ಔಷಧವಿಲ್ಲದ ಮಾತ್ರೆ, ಹೀಗೆ 60 ದಿನ ಕೊಟ್ಟರು. ಯಾರಿಗೆ ಯಾವುದು ಅಂತ ತಿಳಿಯದ ಹಾಗೆ. ಫಲಿತಾಂಶ ಬಂದದ್ದು 2007ರಲ್ಲಿ. ಸಾರ ತಿಂದವರಲ್ಲಿ ಸೊಂಟದ ಸುತ್ತಳತೆ ಮತ್ತು ಹಸಿವು ಕಡಿಮೆಯಾದದ್ದು ಕಂಡಿತು. ಆದರೆ ತೂಕ, ಮೈಯ ಕೊಬ್ಬು, ಒಟ್ಟು ತಿಂದ ಆಹಾರ, ಇವುಗಳಲ್ಲಿ ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅಂದರೆ ನಮ್ಮ ಅಜ್ಜಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ, ಹಸಿವು ತಗ್ಗುತ್ತದೆ. ಡಬ್ಬಿಯವರು ಹೇಳಿದ್ದು, ತೂಕ ಇಳಿಯುತ್ತದೆ ಅನ್ನುವುದು, ಆ ಅಧ್ಯಯನದಲ್ಲಿ ಸಾಬೀತಾಗಲಿಲ್ಲ. ತಣಿಯದ ಹಸಿವಿನ ಕಾಯಿಲೆಯಿಂದ ನರಳುವ ಕೆಲವು ಮಕ್ಕಳ ಮೇಲೆ ಆಸ್ಟ್ರೇಲಿಯಾದಲ್ಲಿ ಸಣ್ಣ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿ, ಹಸಿವಿನ ವರ್ತನೆ ಸ್ವಲ್ಪ ಸುಧಾರಿಸಿತು ಅಂತ ಹೇಳಿದೆ. ನಮ್ಮ ಗಿಡದಿಂದ ಅಂಥ ಮಕ್ಕಳಿಗೆ ಉಪಕಾರವಾಗುವುದಾದರೆ ಅದಕ್ಕಿಂತ ಸಂತೋಷ ಇಲ್ಲ. ಆದರೆ ಅದಕ್ಕೆ ಇನ್ನೂ ದೊಡ್ಡ ಪರೀಕ್ಷೆಗಳು ಬೇಕು. ಅಲ್ಲಿಯವರೆಗೆ ಸಕ್ಕರೆ ಕಾಯಿಲೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಇಂಥ ಡಬ್ಬಿ ತರಿಸಬೇಡಿ ಅಂತ ನನ್ನ ಓರಗೆಯವರಿಗೆ ಕೈಮುಗಿದು ಹೇಳುತ್ತೇನೆ.

ಹಸಿ ಕಾಂಡದಲ್ಲಿ ಹೆಚ್ಚಿನ ಪಾಲು ನೀರೇ. ಒಣಗಿಸಿ, ಸಾರ ತೆಗೆದು, ಮಾತ್ರೆ ಮಾಡಲು ರಾಶಿ ರಾಶಿ ಗಿಡ ಬೇಕು. ಬಂಡೆಯ ಬಿರುಕಿನಲ್ಲಿ ನಿಧಾನವಾಗಿ ಬೆಳೆದ ಗುಂಪನ್ನು ಬೇರುಸಮೇತ ಕಿತ್ತರೆ ಆ ಬಿರುಕು ಮತ್ತೆ ತುಂಬಲು ವರ್ಷಗಳು ಬೇಕು. ಇದೇ ಬಳಗದ ಫ್ರೀರಿಯಾ ಎಂಬ ಗಿಡ ಮಹಾರಾಷ್ಟ್ರದಲ್ಲಿದೆ, ಶಿವಾಜಿ ಮಹಾರಾಜರು ಹುಟ್ಟಿದ ಶಿವನೇರಿ ಕೋಟೆಯ ಬಂಡೆಗಳ ಕಡೆ. ಅದು ಎಷ್ಟು ಕಡಿಮೆಯಾಯಿತು ಎಂದರೆ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಹೋಯಿತು. ಮಂಗನ ಕೋಡು ಇನ್ನೂ ಆ ಸ್ಥಿತಿಗೆ ಬಂದಿಲ್ಲ, ದಕ್ಷಿಣ ಭಾರತದ ಒಣ ಸೀಮೆಯಲ್ಲಿ ಅಲ್ಲಲ್ಲಿ ಇದೆ. ಆದರೆ ಒಂದು ಗಿಡ ದೇಶದಿಂದ ಅಳಿಯುವುದಕ್ಕೆ ಮೊದಲು ಒಂದೊಂದೇ ಊರಿನಿಂದ ಅಳಿಯುತ್ತದೆ. ನನಗೆ ಚಿಂತೆ ಇರುವುದು ನಮ್ಮೂರಿನದು.

ಹೋದ ಮಳೆಗಾಲದಲ್ಲಿ ನಾನೂ ಇಬ್ಬರು ಸಹಪಾಠಿಗಳೂ ನಾಲ್ಕು ಭಾನುವಾರ ಹುಡುಕಿದೆವು. ಅಜ್ಜಿ ಹೇಳಿದ ಮೊದಲ ಬಂಡೆಯ ಮೇಲೆ ಈಗ ಗೋಡೌನ್ ಇದೆ. ಎರಡನೆಯದು ಕ್ವಾರಿಯಾಗಿ, ಗುಂಡಿಯಾಗಿ, ಈಗ ಕಸ ತುಂಬಿದೆ. ಮೂರನೆಯದನ್ನು ಸಮ ಮಾಡಿ ಸೈಟು ಕಲ್ಲು ನೆಟ್ಟಿದ್ದಾರೆ. ನಾಲ್ಕನೆಯ ಕಡೆ, ಒಂದು ಶೆಡ್ಡಿನ ಹಿಂದೆ, ಎರಡು ಗುಂಟೆಯಷ್ಟು ಹಾಸುಬಂಡೆ ಉಳಿದಿದೆ. ಅದರ ಬಿರುಕಿನಲ್ಲಿ ಕಾರೆ ಪೊದೆಯ ಕೆಳಗೆ ಒಂದು ಗುಂಪು ಸಿಕ್ಕಿತು. ಎಣಿಸಿದೆವು, ಹದಿನೇಳು ಕೋಡು. ಹೂ ಬಿಟ್ಟಿತ್ತು. ಜಾಗ ಎಲ್ಲಿ ಅಂತ ಇಲ್ಲಿ ಮೈಕಿನಲ್ಲಿ ಹೇಳುವುದಿಲ್ಲ, ಕ್ಷಮಿಸಿ. ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ.

ನಾನು ಅಭಿವೃದ್ಧಿಯ ವಿರೋಧಿಯಲ್ಲ. ತುಮಕೂರು ರಸ್ತೆ ಅಗಲವಾಯಿತು, ಪೀಣ್ಯ ಬೆಳೆಯಿತು, ಅದರಿಂದಲೇ ಈ ಶಾಲೆಯ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. 2024ರಲ್ಲಿ ಮೆಟ್ರೋ ಮಾದಾವರಕ್ಕೆ ಬಂತು, ನನಗೆ ಆಫೀಸಿಗೆ ಹೋಗುವುದು ಸುಲಭವಾಯಿತು. ಸೈಟು ಮಾರಿ ಮಗಳ ಮದುವೆ ಮಾಡಿದವರನ್ನು, ಮಗನನ್ನು ಓದಿಸಿದವರನ್ನು ತಪ್ಪು ಅನ್ನಲು ನಾನ್ಯಾರು? ನನ್ನ ತಕರಾರು ಒಂದು ಪದದ ಬಗ್ಗೆ. ಪಹಣಿ ತೆಗೆದು ನೋಡಿ. ಬಂಡೆ ಇರುವ ಜಾಗವನ್ನು ಅಲ್ಲಿ 'ಖರಾಬು' ಅಂತ ಬರೆದಿರುತ್ತದೆ. ಖರಾಬು ಅಂದರೆ ಕೆಟ್ಟದ್ದು, ಉಳುಮೆಗೆ ಬಾರದ್ದು, ಕಂದಾಯ ಹಾಕಲು ಆಗದ್ದು. ಲೆಕ್ಕಕ್ಕೆ ಅದು ಸರಿ. ಆದರೆ ಲೆಕ್ಕದ ಪದವೇ ನಮ್ಮ ಬಾಯಿಗೆ ಬಂದು, ಖರಾಬು ಜಾಗ ಅಂದರೆ ಏನೂ ಇಲ್ಲದ ಜಾಗ, ಮಣ್ಣು ಸುರಿಯಲು, ಕಸ ಹಾಕಲು, ಒಡೆಯಲು ಇರುವ ಜಾಗ ಎಂದಾಗಿಬಿಟ್ಟಿದೆ.

ಅದು ಏನೂ ಇಲ್ಲದ ಜಾಗವೇ? ಲಾಲ್‌ಬಾಗಿನ ಬಂಡೆಯನ್ನು ನೋಡಿದ್ದೀರಿ. ಸುಮಾರು 300 ಕೋಟಿ ವರ್ಷ ಹಳೆಯದು ಅಂತ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿ, ಫಲಕ ಹಾಕಿದ್ದಾರೆ. ನಮ್ಮೂರ ಬಂಡೆಯೂ ಆ ಬಳಗದ್ದೇ. ಅದರ ಮೇಲೆ ಬಿದ್ದ ನೀರು ಹರಿದು ಕುಂಟೆ ತುಂಬುತ್ತಿತ್ತು. ಬಿರುಕಿನಲ್ಲಿ ಓತಿಕ್ಯಾತ, ಹಾವುರಾಣಿ, ಜೇನು, ನೂರಾರು ಮೂಲಿಕೆ. ರಾಗಿ ಒಕ್ಕಲು ಕಣ, ಸಂಡಿಗೆ ಒಣಗಿಸಲು ಹಾಸು, ಕುರಿ ಕಾಯುವ ಮಕ್ಕಳಿಗೆ ಮಧ್ಯಾಹ್ನದ ಊಟದ ಕೋಣೆ. ಇದೆಲ್ಲ ಖರಾಬೇ? ಪಕ್ಕದ ಹೆಸರಘಟ್ಟದ ಹುಲ್ಲುಗಾವಲನ್ನೂ ಬಹಳ ಕಾಲ ಖಾಲಿ ಜಾಗ ಅಂದರು. ಅದನ್ನು ಉಳಿಸಬೇಕು ಅಂತ ಜನ ವರ್ಷಗಟ್ಟಲೆ ಹೋರಾಡಿದರು, ಸುಮಾರು ಐದು ಸಾವಿರ ಎಕರೆಯ ಪ್ರಶ್ನೆ ಅದು. ನಾನು ಕೇಳುತ್ತಿರುವುದು ಎರಡು ಗುಂಟೆ.

ಅದಕ್ಕೆ ನಾಲ್ಕು ಕೋರಿಕೆ ಇಟ್ಟು ಮಾತು ಮುಗಿಸುತ್ತೇನೆ.

ಮೊದಲನೆಯದು ಮಕ್ಕಳಿಗೆ. ನಿಮ್ಮ ಮನೆಯ ಅಜ್ಜ ಅಜ್ಜಿಯರ ಹತ್ತಿರ ಕೂತು, ಅವರು ಚಿಕ್ಕಂದಿನಲ್ಲಿ ಬೇಲಿ, ಬಂಡೆ, ಕೆರೆಯಂಗಳದಿಂದ ಏನೇನು ಕಿತ್ತು ತಿನ್ನುತ್ತಿದ್ದರು, ಯಾವ ನೋವಿಗೆ ಯಾವ ಸೊಪ್ಪು ಹಾಕುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ಹೆಸರು, ಜಾಗ, ಹೇಳಿದವರು ಯಾರು, ಮೂರನ್ನೂ ಬರೆಯಿರಿ. ಹೇಳಿದವರ ಹೆಸರು ಬಿಡಬೇಡಿ. ಡಬ್ಬಿಯ ಮೇಲೆ ಇಲ್ಲದೇ ಹೋದದ್ದು ಅದೇ.

ಎರಡನೆಯದು ಹಿರಿಯರಿಗೆ ಮತ್ತು ಜನಪ್ರತಿನಿಧಿಗಳಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಿರಲಿ, ಪುರಸಭೆಯಿರಲಿ, ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ 'ಜನತಾ ಜೀವವೈವಿಧ್ಯ ದಾಖಲೆ' ಬರೆಯುವುದು ಅದರ ಮುಖ್ಯ ಕೆಲಸ. ಮಕ್ಕಳು ಬರೆದು ತಂದದ್ದನ್ನು ಆ ದಾಖಲೆಗೆ ಸೇರಿಸಿ. ನಾಳೆ ಯಾವುದೇ ಕಂಪನಿ ನಮ್ಮ ಗಿಡ, ನಮ್ಮ ತಿಳಿವಳಿಕೆಯಿಂದ ವ್ಯಾಪಾರ ಮಾಡಲು ಬಂದರೆ, ಇದು ನಮಗೆ ಮೊದಲೇ ಗೊತ್ತಿತ್ತು ಅನ್ನಲು ನಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.  ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನಮ್ಮ ಬ್ಯಾಚಿನವರದು. ಅಷ್ಟಾದರೂ ಬಿಇ ಓದಿದ್ದಕ್ಕೆ ಉಪಯೋಗವಾಗಲಿ.

ಮೂರನೆಯದು ಶಾಲೆಗೆ. ಹಿಂಭಾಗದ ಕಾಂಪೌಂಡ್ ಪಕ್ಕದಲ್ಲಿ ಒಂದು ಬಂಡೆ ಇದೆ, ಮಹೋತ್ಸವದ ಹೊಸ ಕಟ್ಟಡಕ್ಕೆ ಅದನ್ನು ಒಡೆಯುವ ಮಾತು ನಡೆದಿದೆ ಅಂತ ಕೇಳಿದೆ. ಕಟ್ಟಡವನ್ನು ಹತ್ತು ಅಡಿ ಆಚೆ ಸರಿಸಲು ಆಗುತ್ತದೆಯೇ ಅಂತ ಎಂಜಿನಿಯರನ್ನು ಕೇಳಿ ನೋಡಿ. ಅದಕ್ಕೆ ಖರ್ಚು ಹೆಚ್ಚಾದರೆ ಹಳೆಯ ವಿದ್ಯಾರ್ಥಿಗಳು ಕೂಡಿ ಹೊರೋಣ. ಬಂಡೆ ಉಳಿದರೆ ಅದರ ಬಿರುಕುಗಳಲ್ಲಿ ಮಂಗನ ಕೋಡು, ಮಂಗರವಳ್ಳಿ, ಕಾಡುಬಸಳೆ, ಲೋಳೆಸರ ನೆಡೋಣ. ಗಿಡವನ್ನು ಬೇರುಸಮೇತ ಕಿತ್ತು ತರುವುದು ಬೇಡ. ಒಂದು ಕೋಡಿನ ತುಂಡು ಕತ್ತರಿಸಿ, ನಾಲ್ಕು ದಿನ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ಮರಳು ಬೆರೆಸಿದ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ನೀರು ಹೆಚ್ಚು ಹಾಕಿದರೆ ಕೊಳೆಯುತ್ತದೆ. ನಾನು ಮೂರು ತುಂಡು ಮನೆಯಲ್ಲಿ ಊರಿ ನೋಡಿದೆ, ಎರಡು ಚಿಗುರಿವೆ. ಅವನ್ನು ಇವತ್ತು ತಂದಿದ್ದೇನೆ, ವೇದಿಕೆಯ ಪಕ್ಕದ ಮೇಜಿನ ಮೇಲಿವೆ. ಜೀವಶಾಸ್ತ್ರದ ಮೇಷ್ಟ್ರಿಗೆ ಒಪ್ಪಿಸುತ್ತೇನೆ.

ನಾಲ್ಕನೆಯದು ಆ ಎರಡು ಗುಂಟೆ. ಅದು ಬ ಖರಾಬು, ಅಂದರೆ ಸರ್ಕಾರದ್ದು, ಯಾರ ಸ್ವಂತದ್ದೂ ಅಲ್ಲ. ಅದನ್ನು ಒತ್ತುವರಿಯಾಗದಂತೆ ಅಳತೆ ಮಾಡಿಸಿ, ಶಾಲೆಯ ಮಕ್ಕಳು ಪಾಠಕ್ಕೆ ಹೋಗಿಬರುವ ಜಾಗ ಅಂತ ಒಂದು ಠರಾವು ಮಾಡಿಸಿ. ಅರ್ಜಿ ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಊಟದ ಪಂಕ್ತಿಯ ಹತ್ತಿರ ಇಟ್ಟಿರುತ್ತೇನೆ, ಒಪ್ಪಿಗೆ ಇರುವವರು ಸಹಿ ಹಾಕಿ. ಮಂಗನ ಕೋಡು ತಿಂದ ನಮ್ಮ ಅಜ್ಜಿ ಈಗಾಗಲೇ ಮೊದಲನೆಯವರಾಗಿ ಹೆಬ್ಬೆಟ್ಟು ಒತ್ತಿದ್ದಾರೆ.

ಇಪ್ಪತ್ತು ನಿಮಿಷ ಆಯಿತು ಅಂತ ಸಮಿತಿಯವರು ಗಡಿಯಾರ ನೋಡುತ್ತಿದ್ದಾರೆ.